ದಾರಿ ಬಿಟ್ಟವರಿಗೊಂದು ದಾರಿ

ದಾರಿಯಿಲ್ಲದ ಕಡೆ ಓಡಲೆಂದೇ ತಯಾರಾದ ವಾಹನಕ್ಕೆ ಸರ್ಕಾರವು ದಾರಿ ಮಾಡಿಕೊಡಬೇಕೆ? ಮೇಲುನೋಟಕ್ಕೆ ಇದೊಂದು ವಿನೋದದ ಪ್ರಶ್ನೆಯೆನಿಸಬಹುದು. ಆದರೆ ಅಮೆರಿಕ ದೇಶದಲ್ಲಿ ಅರ್ಧ ಶತಮಾನಕ್ಕೂ ಮೀರಿ ಅರಣ್ಯಾಧಿಕಾರಿಗಳೂ ಶಾಸಕರೂ ನ್ಯಾಯಾಧೀಶರೂ ಈ ಪ್ರಶ್ನೆಯೊಡನೆ ಸೆಣಸಿದ್ದಾರೆ. ಬೆಟ್ಟ, ಮರಳುಗಾಡು, ಕೆಸರು ಎನ್ನದೆ ಏರಿಳಿಯುವ ಮೋಟಾರ್ ಸೈಕಲ್, ಜೀಪು, ನಾಲ್ಕು ದಪ್ಪ ಚಕ್ರಗಳ ಎ.ಟಿ.ವಿ. ಇವುಗಳಿಗೆ ಸಾರ್ವಜನಿಕ ನೆಲದಲ್ಲಿ ಎಲ್ಲಿ ಎಡೆ, ಎಲ್ಲಿ ತಡೆ ಎಂಬುದೇ ಆ ವಿವಾದದ ತಿರುಳು. ಅದರೊಳಗಿನ ನೈತಿಕ ಪ್ರಶ್ನೆ ಅಮೆರಿಕಕ್ಕೆ ಮಾತ್ರ ಸೀಮಿತವಲ್ಲವೆಂದು ನನಗೆ ಮನವರಿಕೆಯಾದದ್ದು ಕೊಡಗಿನ ಒಂದು ಬೆಟ್ಟದ ಮೇಲೆ.

ಮೊಣಕಾಲು ನೋವಿನಿಂದಾಗಿ ಬೆಟ್ಟ ಹತ್ತುವ ಆಸೆಯನ್ನು ನಾನು ಎಂದೋ ಕೈಬಿಟ್ಟಿದ್ದೆ. ಜೊತೆಯಲ್ಲಿದ್ದ ಕಿರಿಯ ಗುರುಗಳ ಒತ್ತಾಯಕ್ಕೆ ಮಣಿದು ಬಾಡಿಗೆ ಜೀಪು ಹತ್ತಿದೆ. ಮಳೆಗಾಲ ಮುಗಿದು ಹೆಚ್ಚು ದಿನಗಳಾಗಿರಲಿಲ್ಲ. ಅರ್ಧ ದಾರಿಯಲ್ಲಿ ಮೊಣಕಾಲುದ್ದದ ಕೊರಕಲೊಂದು ಬಿದ್ದಿತ್ತು. "ಗಟ್ಟಿಯಾಗಿ ಹಿಡ್ಕೊಳ್ಳಿ ಫಾದರ್" ಎಂದ ಚಾಲಕ, ಜೀಪನ್ನು ಪಕ್ಕದ ಹುಲ್ಲಿನ ಮೇಲೆ ಹತ್ತಿಸಿ ಕೊರಕಲನ್ನು ತಪ್ಪಿಸಿದ. ಹಿಂದೆ ಬಂದ ಜೀಪೂ ಹಾಗೆಯೇ ಮಾಡಿತು. ಅದರ ಹಿಂದಿನದೂ ಕೂಡ. ತುದಿಯಲ್ಲಿ ಮಂಜು ಸರಿದು ಸಾಲುಬೆಟ್ಟಗಳು ಕಣ್ಣೆದುರು ತೆರೆದುಕೊಂಡಾಗ ನನಗಾದ ಆನಂದವನ್ನು ಮುಚ್ಚಿಡುವುದಿಲ್ಲ. ಆದರೆ ಇಳಿದು ಬರುವಾಗ ನೋಡಿದರೆ, ಬೆಳಿಗ್ಗೆ ಹಸಿರಾಗಿದ್ದ ಆ ಜಾಗದಲ್ಲಿ ಎರಡು ಕೆಂಪು ಗೆರೆಗಳು ಎದ್ದು ಕಾಣುತ್ತಿದ್ದವು.

ಇಲ್ಲಿ ತಪ್ಪು ಮಾಡಿದವರು ಯಾರು? ಗುರುಮಠದಲ್ಲಿ ನೀತಿಶಾಸ್ತ್ರವನ್ನು ಓದುವಾಗ, ಯಾವುದೇ ಕೃತ್ಯವನ್ನು ಅದರ ವಸ್ತು, ಉದ್ದೇಶ, ಸನ್ನಿವೇಶಗಳೆಂದು ಬಿಡಿಸಿ ಅಳೆಯುವುದನ್ನು ನಮಗೆ ಕಲಿಸಿದ್ದರು. ಆ ಅಳತೆಗೋಲಿನಿಂದ ನೋಡಿದರೆ ನನ್ನ ಪ್ರಯಾಣದಲ್ಲಿ ದೋಷವಿಲ್ಲ. ಚಾಲಕ ನಮ್ಮ ಸುರಕ್ಷತೆಯನ್ನೇ ನೋಡಿದ, ಅವನಲ್ಲಿಯೂ ದೋಷವಿಲ್ಲ. ನೂರನೆಯ ಜೀಪಿನವನಲ್ಲಿಯೂ ಇಲ್ಲ. ಆದರೂ ಬೆಟ್ಟದ ಮೈ ಹರಿದಿದೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಉಳಿತಾಯವನ್ನು ಹೊಗಳಲು ಬಳಸುತ್ತೇವೆ. ಮಲೆನಾಡಿನ ಇಳಿಜಾರಿನಲ್ಲಿ ಚಕ್ರಕ್ಕೆ ಚಕ್ರ ಕೂಡಿದರೂ ಹಳ್ಳವೇ ಆಗುತ್ತದೆ.

ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿ ಈ ಪಾಠವನ್ನು ಬಹಳ ಹಿಂದೆಯೇ ಕಲಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಿಂದ ೧೯೪೪ರವರೆಗೆ, ಜನರಲ್ ಪ್ಯಾಟನ್ ಸ್ಥಾಪಿಸಿದ ತರಬೇತಿ ಕೇಂದ್ರದ ಟ್ಯಾಂಕುಗಳು ಅಲ್ಲಿ ಓಡಾಡಿದವು. ಅವುಗಳ ಜಾಡುಗಳು ದಶಕಗಳು ಉರುಳಿದ ಮೇಲೂ ಅಳಿಯದೆ ಉಳಿದವು. ಒಣನೆಲಕ್ಕೆ ನೆನಪಿನ ಶಕ್ತಿ ಹೆಚ್ಚು. ಅಮೆರಿಕದ ನೈಋತ್ಯ ಭಾಗದ ಇಂಥ ನೆಲಗಳ ಮೇಲೆ, ಕಣ್ಣಿಗೆ ಬರಿಯ ಕಪ್ಪು ಹೆಪ್ಪಿನಂತೆ ಕಾಣುವ, ಸೂಕ್ಷ್ಮಜೀವಿಗಳೂ ಪಾಚಿಗಳೂ ಹೆಣೆದ ಒಂದು ಪದರವಿರುತ್ತದೆ. ಗಾಳಿಗೆ ಮಣ್ಣು ಹಾರದಂತೆ ಹಿಡಿದಿಡುವುದು ಅದೇ. ಅದನ್ನು ಒಡೆಯಲು ಒಂದು ಚಕ್ರ ಒಮ್ಮೆ ಉರುಳಿದರೆ ಸಾಕು; ಮತ್ತೆ ಬೆಳೆಯಲು ಹಲವು ದಶಕಗಳು ಬೇಕು.

ಅದೇ ಮರುಭೂಮಿಯಲ್ಲಿ ೧೯೬೭ರಿಂದ ಬಾರ್‌ಸ್ಟೋ ಪಟ್ಟಣದಿಂದ ಲಾಸ್ ವೇಗಸ್ ಕಡೆಗೆ ಮೋಟಾರ್ ಸೈಕಲ್ ಪಂದ್ಯ ನಡೆಯುತ್ತಿತ್ತು. ೧೯೭೪ರಲ್ಲಿ ಸುಮಾರು ಮೂರು ಸಾವಿರ ಸವಾರರು ಪಾಲ್ಗೊಂಡರು. ನೆಲಕ್ಕಾದ ಹಾನಿಯನ್ನು ಪರಿಶೀಲಿಸಿದ ಭೂನಿರ್ವಹಣಾ ಇಲಾಖೆ ಮರುವರ್ಷ ಅನುಮತಿ ನೀಡಲಿಲ್ಲ. ೧೯೮೩ರಲ್ಲಿ ಪಂದ್ಯ ಮತ್ತೆ ಆರಂಭವಾಯಿತು, ೧೯೮೯ರಲ್ಲಿ ಕೊನೆಗೊಂಡಿತು. ಆಯುಷ್ಯದ ಬಹುಭಾಗವನ್ನು ಬಿಲದೊಳಗೇ ಕಳೆಯುವ ಮರುಭೂಮಿಯ ಆಮೆಯೂ ಅಷ್ಟು ಹೊತ್ತಿಗೆ ಕಾನೂನಿನ ರಕ್ಷಣೆಯನ್ನು ಬೇಡುವ ಸ್ಥಿತಿಗೆ ಬಂದಿತ್ತು. ಆಮೆಯೊಂದು ತನ್ನ ಬಿಲ ಕುಸಿಯಿತೆಂದು ಅರ್ಜಿ ಬರೆದುಕೊಳ್ಳುವುದಿಲ್ಲ. ಸವಾರನಿಗೂ ಹೆಲ್ಮೆಟ್ಟಿನೊಳಗಿಂದ ಆ ಬಿಲ ಕಾಣುವುದಿಲ್ಲ. ಹಾಗಾದರೆ ನೋಡಬೇಕಾದವರು ಯಾರು? ಇಡೀ ಬಯಲನ್ನು ಒಟ್ಟಾಗಿ ನೋಡಬಲ್ಲವರು ಮಾತ್ರ. ಜಾಡುಗಳ ಯೋಜನೆಯೆಂಬುದು ಬರಿಯ ಎಂಜಿನಿಯರಿನ ಕೆಲಸವಲ್ಲ, ಅದೊಂದು ನೈತಿಕ ಹೊಣೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಅಧ್ಯಕ್ಷ ನಿಕ್ಸನ್ ಅವರು ೧೯೭೨ರ ಫೆಬ್ರವರಿಯಲ್ಲಿ ಹೊರಡಿಸಿದ ಆದೇಶದಲ್ಲಿ ಈ ಹೊಣೆಯ ಮೊದಲ ಸ್ಪಷ್ಟ ರೂಪ ಕಾಣುತ್ತದೆ. ಆಗ ದೇಶದಲ್ಲಿ ಇಂಥ ವಾಹನಗಳು ಸುಮಾರು ೫೦ ಲಕ್ಷವಿದ್ದವೆಂದು ಆ ಆದೇಶವೇ ಅಂದಾಜು ಮಾಡಿತ್ತು. ಅದು ವಾಹನಗಳನ್ನು ನಿಷೇಧಿಸಲಿಲ್ಲ. ಎಲ್ಲಿ ಓಡಬಹುದು, ಎಲ್ಲಿ ಓಡಬಾರದು ಎಂದು ಸಾರ್ವಜನಿಕ ಭೂಮಿಯ ಪಾಲಕರು ಗುರುತಿಸಬೇಕು. ಹಾಗೆ ಗುರುತಿಸುವಾಗ ಮಣ್ಣು, ನೀರು, ಸಸ್ಯಗಳಿಗೆ ಆಗುವ ಹಾನಿ, ವನ್ಯಜೀವಿಗಳಿಗೆ ಆಗುವ ಉಪಟಳ, ಇತರ ಬಳಕೆದಾರರೊಡನೆ ಉಂಟಾಗುವ ಘರ್ಷಣೆ ಇವೆಲ್ಲ ಆದಷ್ಟೂ ಕಡಿಮೆಯಾಗುವಂತೆ ನೋಡಿಕೊಳ್ಳಬೇಕು ಎಂದು ವಿಧಿಸಿತು. ೧೯೭೭ರಲ್ಲಿ ಅಧ್ಯಕ್ಷ ಕಾರ್ಟರ್ ಅವರು, ಗಣನೀಯ ಹಾನಿ ಕಂಡುಬಂದಲ್ಲಿ ಆ ಜಾಗವನ್ನು ಕೂಡಲೇ ಮುಚ್ಚಬೇಕೆಂಬ ವಿಧಿಯನ್ನು ಸೇರಿಸಿದರು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ೧೯೭೨ರದ್ದೇ ಎಂಬುದು ಕಾಕತಾಳೀಯವಾದರೂ ನೆನೆಯತಕ್ಕದ್ದು.

ಆದೇಶ ಬಂದರೂ ಅಲ್ಲಿನ ಹಲವು ರಾಷ್ಟ್ರೀಯ ಅರಣ್ಯಗಳಲ್ಲಿ ಹಳೆಯ ರೂಢಿಯೇ ಮುಂದುವರಿಯಿತು. ಮುಚ್ಚಲಾಗಿದೆ ಎಂಬ ಫಲಕ ಇಲ್ಲದಿದ್ದರೆ ತೆರೆದಿದೆ ಎಂದರ್ಥ, ಇದು ರೂಢಿ. ೨೦೦೫ರ ನವೆಂಬರಿನಲ್ಲಿ ಅರಣ್ಯ ಸೇವಾ ಇಲಾಖೆ ಈ ಅರ್ಥವನ್ನು ತಲೆಕೆಳಗು ಮಾಡಿತು. ಪ್ರತಿಯೊಂದು ರಾಷ್ಟ್ರೀಯ ಅರಣ್ಯವೂ ವಾಹನ ಸಂಚಾರಕ್ಕೆ ಯೋಗ್ಯವಾದ ರಸ್ತೆ, ಜಾಡು, ಬಯಲುಗಳನ್ನು ಗುರುತಿಸಿ ನಕ್ಷೆ ಪ್ರಕಟಿಸಬೇಕು. ನಕ್ಷೆಯಲ್ಲಿ ಇಲ್ಲದಿದ್ದರೆ ಮುಚ್ಚಿದೆ ಎಂದರ್ಥ. ಈ ಅರಣ್ಯಗಳ ಒಟ್ಟು ವಿಸ್ತಾರ ಸುಮಾರು ೧೯.೩ ಕೋಟಿ ಎಕರೆ. ಅಷ್ಟು ವಿಶಾಲವಾದ ನೆಲದ ಮೇಲೆ ಒಂದೇ ವಾಕ್ಯದಿಂದ ಸಾಕ್ಷ್ಯದ ಭಾರ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಸರಿಯಿತು. ಮೊದಲು ನೆಲವೇ ತನಗೆ ನೋವಾಗಿದೆಯೆಂದು ತೋರಿಸಬೇಕಿತ್ತು. ಈಗ ಚಕ್ರವು ತನ್ನಿಂದ ನೋವಾಗದೆಂದು ತೋರಿಸಬೇಕಾಯಿತು.

ಇದು ನ್ಯಾಯವೆ? ಸ್ವಾತಂತ್ರ್ಯವೇ ಮೊದಲು, ನಿರ್ಬಂಧಕ್ಕೆ ಮಾತ್ರ ಕಾರಣ ಬೇಕು ಎಂಬುದು ನಾಗರಿಕ ಸಮಾಜದ ಸಾಮಾನ್ಯ ನಿಯಮ. ನಾನೂ ಅದನ್ನು ಮಾನ್ಯ ಮಾಡುತ್ತೇನೆ. ಆದರೆ ಹಾನಿ ನಿಧಾನವಾಗಿ ಕೂಡುವಂಥದ್ದಾಗಿದ್ದು, ಹಾನಿಗೊಳಗಾದವರಿಗೆ ದನಿಯಿಲ್ಲದೆ, ಹಾನಿ ಮಾಡುವವರಿಗೆ ಅದು ಕಾಣದೇ ಹೋದಾಗ ಆ ನಿಯಮ ತಿರುಗುಮುರುಗಾಗುವುದು ನ್ಯಾಯವೆಂದೇ ನನಗೆ ತೋರುತ್ತದೆ. ಕಾಣುವಷ್ಟು ಗಾಯವಾದ ಮೇಲೆ ಮುಚ್ಚುವುದೆಂದರೆ ಹೊಲ ಮೇಯ್ದಾದ ಮೇಲೆ ಬೇಲಿ ಹಾಕಿದಂತೆ.

ಆದರೆ ಇಷ್ಟಕ್ಕೇ ಮಾತು ಮುಗಿಯಿತೆಂದು ಭಾವಿಸುವವರಿಗೆ ನಾನು ಒಪ್ಪಲಾರೆ. ಸಂತ ಥಾಮಸ್ ಅಕ್ವಿನಾಸರು ಕಾನೂನಿಗೆ ನಾಲ್ಕು ಲಕ್ಷಣಗಳನ್ನು ಹೇಳುತ್ತಾರೆ: ಅದು ವಿವೇಕದ ವಿಧಿಯಾಗಿರಬೇಕು, ಸಾರ್ವಜನಿಕ ಹಿತಕ್ಕಾಗಿರಬೇಕು, ಸಮುದಾಯದ ಹೊಣೆ ಹೊತ್ತವರಿಂದ ಬಂದಿರಬೇಕು, ಮತ್ತು ಪ್ರಕಟವಾಗಿರಬೇಕು. ಈ ಕೊನೆಯ ಲಕ್ಷಣವನ್ನು ನಾವು ಓದಿ ಮುಂದೆ ಸಾಗಿಬಿಡುತ್ತೇವೆ. ಅರಣ್ಯ ಸೇವಾ ಇಲಾಖೆಯ ನಕ್ಷೆ ಉಚಿತವಾಗಿ ದೊರೆಯುವಂಥದ್ದು, ಅದು ಪ್ರಶಂಸನೀಯ. ಆದರೆ ಕಪ್ಪು ಬಿಳುಪಿನಲ್ಲಿ ಅಚ್ಚಾದ, ಬೆಟ್ಟ ತೊರೆಗಳ ಗುರುತು ತೀರ ಕಡಿಮೆಯಿದ್ದ ಆ ಹಾಳೆಯನ್ನು ಹಿಡಿದು ಕವಲುದಾರಿಯಲ್ಲಿ ನಿಂತವನು ತಾನೆಲ್ಲಿದ್ದೇನೆಂದು ತಿಳಿಯದೆ ಪೇಚಾಡಿದರೆ, ಕಾನೂನು ಪ್ರಕಟವಾಯಿತು ಎನ್ನಬಹುದೆ? ಎಲ್ಲೋ ಅಚ್ಚಾದುದೆಲ್ಲ ಪ್ರಕಟವಾದಂತಲ್ಲ. ದಾರಿ ಹೋಕನ ಕಣ್ಣಿಗೆ, ಬೇಕಾದ ಕ್ಷಣದಲ್ಲಿ, ಅರ್ಥವಾಗುವಂತೆ ಬಿದ್ದಾಗ ಮಾತ್ರ ಅದು ಪ್ರಕಟವಾದಂತೆ.

ಇದಕ್ಕಿಂತ ದೊಡ್ಡ ಹೊಣೆ ಇನ್ನೊಂದಿದೆ. ಮುಚ್ಚಿದವನು ತೆರೆಯಲೂ ಬೇಕು. ತೆರೆದದ್ದು ಚೆನ್ನಾಗಿಯೂ ಇರಬೇಕು. ಜಾಡನ್ನು ಕೆಡಿಸುವಲ್ಲಿ ಚಕ್ರಕ್ಕಿಂತ ನೀರಿನ ಪಾಲು ದೊಡ್ಡದೆಂದು ಈ ಕೆಲಸ ಬಲ್ಲವರು ಹೇಳುತ್ತಾರೆ. ಚಕ್ರ ಹುಲ್ಲಿನ ಬೇರನ್ನು ಸಡಿಲಿಸುತ್ತದೆ, ಮಣ್ಣನ್ನು ಒಯ್ಯುವುದು ಮಳೆನೀರು. ಬೆಟ್ಟದ ನೆತ್ತಿಯಿಂದ ನೇರವಾಗಿ ಕೆಳಗಿಳಿದ ಜಾಡು ಮೊದಲ ಮಳೆಗೇ ಕಾಲುವೆಯಾಗುತ್ತದೆ. ಆದ್ದರಿಂದ ಒಳ್ಳೆಯ ಜಾಡು ಬೆಟ್ಟದ ಮಗ್ಗುಲನ್ನು ಬಳಸಿಕೊಂಡು ಹೋಗುತ್ತದೆ. ಹೊರ ಅಂಚಿಗೆ ತುಸುವೇ ವಾಲಿರುತ್ತದೆ. ಇಳಿಯುತ್ತಾ ಇಳಿಯುತ್ತಾ ನಡುನಡುವೆ ಸ್ವಲ್ಪ ಏರುತ್ತದೆ, ನೀರು ಅಲ್ಲಿ ಓಟ ನಿಲ್ಲಿಸಿ ಪಕ್ಕಕ್ಕೆ ಹರಿದುಹೋಗಲೆಂದು. ನಮ್ಮ ಹಳೆಯ ಮಲೆನಾಡಿನ ಗಾಡಿದಾರಿಗಳನ್ನು ಕಡಿದವರಿಗೆ ಇದನ್ನು ಯಾರೂ ಪುಸ್ತಕದಿಂದ ಕಲಿಸಿರಲಿಕ್ಕಿಲ್ಲ. ಜಾಡು ಸುತ್ತಿ ಬಂದು ಹೊರಟಲ್ಲಿಗೇ ಸೇರುವಂತಿರಬೇಕು. ಒಂದು ಸುತ್ತಿಗೆ ಇನ್ನೊಂದು ಹೊಂದಿಕೊಂಡಿರಬೇಕು. ಹೋದ ದಾರಿಯಲ್ಲೇ ಮರಳಬೇಕಾದವನಿಗೆ, ಅರ್ಧ ಗಂಟೆಯಲ್ಲಿ ಮುಗಿದುಹೋಗುವ ಜಾಡಿನಲ್ಲಿ ಬೇಸರ ಬಂದವನಿಗೆ, ಪಕ್ಕದ ಹುಲ್ಲುಗಾವಲು ಕೈಬೀಸಿ ಕರೆಯುತ್ತದೆ. ಕೆಟ್ಟ ಜಾಡನ್ನು ಕೊಟ್ಟು, ದಾರಿ ತಪ್ಪಿದನೆಂದು ಸವಾರನನ್ನು ದಂಡಿಸುವ ಆಡಳಿತವು ಆ ತಪ್ಪಿನಲ್ಲಿ ತಾನೂ ಪಾಲುದಾರನೇ.

ಪಶ್ಚಿಮ ವರ್ಜೀನಿಯ ರಾಜ್ಯದ ದಕ್ಷಿಣ ಭಾಗದಲ್ಲಿ ಹೀಗೆ ತೆರೆಯುವ ಪ್ರಯತ್ನವೊಂದು ನಡೆಯಿತು. ಕಲ್ಲಿದ್ದಲಿನ ಗಣಿಗಳು ಸೊರಗಿ, ಯುವಜನರು ಊರು ಬಿಡುತ್ತಿದ್ದ ಸೀಮೆ ಅದು. ೧೯೯೬ರಲ್ಲಿ ರಾಜ್ಯದ ಶಾಸನಸಭೆ ಒಂದು ಪ್ರಾಧಿಕಾರವನ್ನು ರಚಿಸಿತು. ಗಣಿ ಮತ್ತು ಮರದ ಕಂಪನಿಗಳ ಒಡೆತನದ ಜಮೀನನ್ನು ಬಳಸಿಕೊಳ್ಳಬೇಕು. ಅಪಘಾತವಾದರೆ ಜಮೀನಿನ ಒಡೆಯರ ಮೇಲೆ ಹೊಣೆ ಬೀಳದಂತೆ ಕಾನೂನಿನ ಆಶ್ರಯ ಕೊಡಬೇಕು. ಸವಾರರು ಪರವಾನಗಿ ಕೊಳ್ಳಬೇಕು, ಹೆಲ್ಮೆಟ್ ಧರಿಸಲೇಬೇಕು. ೨೦೦೦ದಲ್ಲಿ ಜಾಡುಗಳು ತೆರೆದವು; ಮುಂದೆ ಅವುಗಳ ಉದ್ದ ಸಾವಿರ ಮೈಲಿಯನ್ನೂ ದಾಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಟಗ್ ಫೋರ್ಕ್ ನದಿಯ ಎರಡು ದಡಗಳಲ್ಲಿ ಪರಸ್ಪರ ರಕ್ತ ಹರಿಸಿದ ಹ್ಯಾಟ್‌ಫೀಲ್ಡ್ ಮತ್ತು ಮೆಕಾಯ್ ಕುಟುಂಬಗಳ ಹೆಸರನ್ನೇ ಈ ಜಾಡುಗಳಿಗೆ ಇಟ್ಟಿದ್ದಾರೆ. ಈ ಏರ್ಪಾಡಿನಲ್ಲಿ ನನಗೆ ಮೆಚ್ಚಿಗೆಯಾದ ಸಣ್ಣ ಸಂಗತಿಯೊಂದಿದೆ: ಪರವಾನಗಿಗೆ ಹೊರರಾಜ್ಯದವರಿಗಿಂತ ಸ್ಥಳೀಯರಿಗೆ ಕಡಿಮೆ ಶುಲ್ಕ. ಧೂಳು ಕುಡಿಯುವವರು, ಸದ್ದು ಸಹಿಸುವವರು ಅವರೇ ಅಲ್ಲವೆ!

ಹಣದ ವಿಷಯದಲ್ಲಿಯೂ ಚಿಂತನಾರ್ಹವಾದ ಕ್ರಮವೊಂದನ್ನು ಆ ದೇಶದವರು ಕಂಡುಕೊಂಡರು. ಕಾಡಿನಲ್ಲಿ ಓಡುವ ವಾಹನವೂ ಇಂಧನದ ಮೇಲೆ ತೆರಿಗೆ ಕಟ್ಟುತ್ತದೆ; ಆದರೆ ಆ ತೆರಿಗೆ ಹೋಗುವುದು ಹೆದ್ದಾರಿಗಳಿಗೆ. ಅದರಲ್ಲೊಂದು ಪಾಲನ್ನು ಜಾಡುಗಳಿಗೆ ಮರಳಿಸುವ ಯೋಜನೆಗೆ ೧೯೯೧ರಲ್ಲಿ ಬುನಾದಿ ಬಿತ್ತು. ಅದರ ಹಂಚಿಕೆ ಹೀಗೆ: ನೂರರಲ್ಲಿ ೩೦ ಪಾಲು ಮೋಟಾರು ಜಾಡುಗಳಿಗೆ, ೩೦ ಪಾಲು ನಡೆಯುವವರ, ಸೈಕಲ್ಲಿನವರ, ಕುದುರೆಯವರ ಜಾಡುಗಳಿಗೆ, ಉಳಿದ ೪೦ ಪಾಲು ಹಲವರು ಹಂಚಿಕೊಂಡು ಬಳಸುವ ಜಾಡುಗಳಿಗೆ. ತೆರಿಗೆ ಕಟ್ಟಿದವನು ಸವಾರ, ಫಲ ಕಾಲ್ನಡಿಗೆಯವನಿಗೂ. ಸವಾರರನ್ನು ಅರಣ್ಯದ ಶತ್ರುಗಳೆಂದು ಬಗೆಯುವ ನನ್ನಂಥ ನಡಿಗೆಪ್ರಿಯರು ಇದನ್ನು ಓದಿ ಸ್ವಲ್ಪ ತಲೆ ತಗ್ಗಿಸಬೇಕಾಗುತ್ತದೆ.

ಎಲ್ಲ ಕಡೆಯೂ ಹೀಗೆ ಸುಗಮವಾಗಿ ಸಾಗಲಿಲ್ಲ. ಯೂಟಾ ರಾಜ್ಯದ ರೀಕ್ಯಾಪ್ಚರ್ ಎಂಬ ಕಣಿವೆಯಲ್ಲಿ ಪ್ರಾಚೀನ ಮೂಲನಿವಾಸಿಗಳ ವಸತಿಗಳ, ಸಮಾಧಿಗಳ ಅವಶೇಷಗಳಿವೆ. ಅನುಮತಿಯಿಲ್ಲದೆ ಯಾರೋ ಅಲ್ಲಿ ಎ.ಟಿ.ವಿ. ಜಾಡು ಕಡಿದದ್ದರಿಂದ ೨೦೦೭ರಲ್ಲಿ ಕಣಿವೆಯನ್ನು ವಾಹನಗಳಿಗೆ ಮುಚ್ಚಲಾಯಿತು. ತಾತ್ಕಾಲಿಕವೆಂದ ಮುಚ್ಚುಗಡೆ ವರ್ಷಗಟ್ಟಲೆ ಎಳೆಯಿತು. ೨೦೧೪ರ ಮೇ ತಿಂಗಳಲ್ಲಿ ಸ್ಥಳೀಯ ಚುನಾಯಿತ ಪ್ರತಿನಿಧಿಯೊಬ್ಬರ ಮುಂದಾಳುತನದಲ್ಲಿ ಜನರು ಪ್ರತಿಭಟನೆಯಾಗಿ ಅಲ್ಲಿ ವಾಹನ ಓಡಿಸಿದರು. ಆತನಿಗೆ ಹತ್ತು ದಿನಗಳ ಸೆರೆವಾಸವಾಯಿತು; ೨೦೨೦ರ ಡಿಸೆಂಬರಿನಲ್ಲಿ ಅಧ್ಯಕ್ಷರ ಕ್ಷಮಾದಾನವೂ ದೊರೆಯಿತು. ಇನ್ನೊಬ್ಬರ ಪೂರ್ವಜರ ಸಮಾಧಿಯ ಮಗ್ಗುಲಲ್ಲಿ ಚಕ್ರ ಉರುಳಿಸಿ ಹಕ್ಕು ಸಾಧಿಸುವುದನ್ನು ನಾನು ಸಮರ್ಥಿಸಲಾರೆ. ಆದರೆ ಏಳು ವರ್ಷ ಹೌದೆಂದೂ ಹೇಳದೆ ಅಲ್ಲವೆಂದೂ ಹೇಳದೆ ಜನರನ್ನು ಕಾಯಿಸಿದ ಆಡಳಿತವೂ ಆ ದಿನದ ಸಿಟ್ಟಿಗೆ ಕಟ್ಟಿಗೆ ಒಟ್ಟಿತ್ತು.

ಇನ್ನು ನನ್ನ ಮೊಣಕಾಲಿನ ವಿಷಯಕ್ಕೆ ಬರುತ್ತೇನೆ. ಬೆಟ್ಟ ನಡೆಯುವವರಿಗೆ ಮಾತ್ರ ಇರಲಿ ಎಂದು ವಾದಿಸುವವರಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆ. ಆಗ ನನ್ನ ಕಾಲುಗಳು ಗಟ್ಟಿಯಾಗಿದ್ದವು. ವೃದ್ಧರು, ಅಂಗವಿಕಲರು ಕಾಡನ್ನು ನೋಡಬಾರದೇ ಎಂದು ಅಮೆರಿಕದ ಸವಾರರ ಸಂಘಗಳು ಕೇಳುತ್ತಾ ಬಂದಿರುವ ಪ್ರಶ್ನೆ ಆಗ ನನಗೆ ನೆಪದಂತೆ ಕಂಡೀತು. ಇಂದು ಹಾಗೆ ಕಾಣುವುದಿಲ್ಲ. ಆದರೆ ಆ ಪ್ರಶ್ನೆಗೆ ಒಂದು ಬೆಟ್ಟಕ್ಕೆ ಒಂದು ಒಳ್ಳೆಯ ದಾರಿ ಸಾಕಾದ ಉತ್ತರ. ಬೆಟ್ಟದ ಮೈತುಂಬ ದಾರಿಗಳು ಬೇಕಿಲ್ಲ. ಮಂಜು ಸರಿದಾಗ ನನಗೆ ಕಂಡ ನೋಟವನ್ನು ಆ ಎರಡು ಕೆಂಪು ಗೆರೆಗಳು ಒಂದಿಷ್ಟೂ ಹೆಚ್ಚಿಸಲಿಲ್ಲ.

ಇಳಿಯುವಾಗ ಚಾಲಕನನ್ನು ಕೇಳಿದೆ, "ಈ ದಾರಿಯನ್ನು ಮುಚ್ಚಿಬಿಟ್ಟರೆ ಏನು ಮಾಡುತ್ತೀಯಪ್ಪ?" ಅವನು ಕೂಡಲೇ ಉತ್ತರಿಸಲಿಲ್ಲ. ಸಾಲ ಮಾಡಿ ಕೊಂಡ ಜೀಪು, ಓದುತ್ತಿರುವ ಇಬ್ಬರು ಮಕ್ಕಳು ಎಂದಷ್ಟೇ ಹೇಳಿ ಸುಮ್ಮನಾದ. ಸ್ವಲ್ಪ ಕೆಳಗೆ, ಕಡಿದಾದ ಒಂದು ತಿರುವಿಗೆ ಬಂದಾಗ ವೇಗ ತಗ್ಗಿಸಿ ಕೈ ತೋರಿಸಿದ. ಮಳೆಗಾಲಕ್ಕೆ ಮುಂಚೆ ಚಾಲಕರೆಲ್ಲ ಸೇರಿ, ತಲಾ ಇಷ್ಟೆಂದು ಹಣ ಹಾಕಿ, ಅಲ್ಲಿ ಕಲ್ಲು ಜೋಡಿಸಿ, ನೀರು ಹೊರಕ್ಕೆ ಹೋಗಲೆಂದು ಅಡ್ಡ ಚರಂಡಿ ಕಡಿದಿದ್ದರಂತೆ. "ಎಲ್ಲ ಕಡೆ ಮಾಡೋಣ ಅಂತ ಇದ್ವಿ ಫಾದರ್. ಯಾರನ್ನ ಕೇಳ್ಬೇಕೋ ಗೊತ್ತಾಗ್ಲಿಲ್ಲ" ಎಂದ. ಎರಡು ಮಳೆಗಾಲ ಕಳೆದಿದ್ದರೂ ಕಲ್ಲುಗಳು ಕದಲಿರಲಿಲ್ಲ. ಆ ತಿರುವಿನಲ್ಲಿ ಯಾರೂ ಪಕ್ಕದ ಹುಲ್ಲಿನ ಮೇಲೆ ಹತ್ತಿದ ಗುರುತು ಕಾಣಲಿಲ್ಲ.