ಹೇಳುವವರಿಲ್ಲದ ಕೆಲಸ

ಸೇವೆ ಮಾಡಲು ಒಳ್ಳೆಯ ಮನಸ್ಸೊಂದಿದ್ದರೆ ಸಾಕು ಎಂದು ಕೇಳಿಕೊಂಡೇ ಬೆಳೆದವರು ನಾವು. ಸಾಕೇ ಎಂಬ ಸಂಶಯ ನನಗೆ ಹುಟ್ಟಿದ್ದು ಮಲಾವಿಯಲ್ಲಿ. ಆಫ್ರಿಕಾದ ಆಗ್ನೇಯ ಭಾಗದಲ್ಲಿರುವ, ಸಮುದ್ರತೀರವಿಲ್ಲದ ಪುಟ್ಟ ದೇಶ ಅದು. 1964ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. 2006ರಲ್ಲಿ ನಮ್ಮ ಯಜಮಾನರ ಕೆಲಸದ ನಿಮಿತ್ತ ಒಂದು ವರ್ಷ ಬ್ಲಾಂಟೈರ್ ನಗರದಲ್ಲಿದ್ದೆವು. ಮನೆಯಲ್ಲಿ ಕೂತು ಬೇಸರವಾಗಿ, ಸಮೀಪದ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಸ್ವಯಂಸೇವಕಿಯಾಗಿ ಹೋಗತೊಡಗಿದೆ.

ಅಲ್ಲಿ ಇಂಥದ್ದು ಮಾಡಿ ಎಂದು ಹೇಳುವವರೇ ಇರಲಿಲ್ಲ. ವಾರ್ಡಿನ ನರ್ಸ್ ನಕ್ಕು, "ಸುತ್ತ ನೋಡಿ, ತೋಚಿದ್ದು ಮಾಡಿ" ಎಂದು ಮುಂದಿನ ಮಂಚಕ್ಕೆ ಹೋದಳು. ನನ್ನಂತೆಯೇ ಬಂದಿದ್ದ ಯುರೋಪಿನ ಹುಡುಗ ಹುಡುಗಿಯರಿಗೆ ಇದು ದೊಡ್ಡ ಅಶಿಸ್ತಾಗಿ ಕಂಡಿತು. ನನಗೆ ಹಾಗನ್ನಿಸಲಿಲ್ಲ. ಕೆಲಸ ಹೇಳಿಕೊಡುವುದೂ ಒಂದು ಕೆಲಸವೇ ಅಲ್ಲವೆ? ಹೊಸ ಸೊಸೆ ಮೊದಲ ದಿನ ಅಡುಗೆಮನೆಗೆ ಬಂದಾಗ ಅತ್ತೆಗೆ ಕೆಲಸ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆ ವರ್ಷಗಳಲ್ಲಿ ಮಲಾವಿಯ ಎಷ್ಟೋ ನರ್ಸುಗಳು ಹೆಚ್ಚಿನ ಸಂಬಳಕ್ಕೆ ಬ್ರಿಟನ್ನಿಗೆ ಹೋಗಿಬಿಟ್ಟಿದ್ದರು, ನಮ್ಮ ಮಂಗಳೂರಿನ ಕಡೆಯವರು ಕೊಲ್ಲಿ ದೇಶಗಳಿಗೆ ಹೋಗುವ ಹಾಗೆ. ಉಳಿದವಳೊಬ್ಬಳು ಇಡೀ ವಾರ್ಡು ನೋಡಬೇಕು. ಅವಳ ಅರ್ಧ ಗಂಟೆಯನ್ನು ನನಗೋಸ್ಕರ ಬೇಡುವ ಹಕ್ಕು ನನಗೆಲ್ಲಿತ್ತು?

ರೋಗಿಗಳ ಆರೈಕೆ ಬಹುಪಾಲು ನಡೆಯುತ್ತಿದ್ದುದು ಅಲ್ಲಿ 'ಗಾರ್ಡಿಯನ್' ಎಂದು ಕರೆಯುವ ಮನೆಯವರಿಂದ. ಪ್ರತಿ ರೋಗಿಯ ಜೊತೆ ಒಬ್ಬ ತಾಯಿಯೋ ತಂಗಿಯೋ ಇರುತ್ತಾರೆ. ಹೊರಗೆ ಒಲೆ ಹೂಡಿ ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ ತಿರುವುವುದು (ನಮ್ಮ ರಾಗಿಮುದ್ದೆಯ ಅಕ್ಕ ಎನ್ನಬಹುದು, ಬಣ್ಣ ಮಾತ್ರ ಬಿಳಿ), ಬಟ್ಟೆ ಒಗೆಯುವುದು, ಮೈ ಒರೆಸುವುದು, ರಾತ್ರಿ ಮಂಚದ ಪಕ್ಕ ಚಿತೆಂಜೆ ಎಂಬ ಹೂಬಟ್ಟೆ ಹಾಸಿ ಮಲಗುವುದು. ನಮ್ಮ ಜಿಲ್ಲಾಸ್ಪತ್ರೆಗಳನ್ನು ಕಂಡವರಿಗೆ ಇದೇನೂ ಹೊಸದಲ್ಲ. ಇಷ್ಟು ಜನ ತಮ್ಮವರಿರುವಾಗ ರೋಗಿಯ ಹಣೆ ಸವರಲು ನಾನ್ಯಾರು? ಮೂರನೆಯ ದಿನ ನರ್ಸ್ ಗಾಜ್ ಬಟ್ಟೆಯ ಸುರುಳಿಯೊಂದನ್ನು ಕೊಟ್ಟು ಕತ್ತರಿಸಿ ಮಡಿಸಲು ಹೇಳಿದಳು. ಸ್ಟೆರಿಲೈಸ್ ಮಾಡುವ ಮೊದಲು ಯಾರಾದರೂ ಮಡಿಸಲೇಬೇಕಾದದ್ದು. ದೀಪದ ಬತ್ತಿ ಹೊಸೆದ ಕೈಗೆ ಅದೇನು ಕಷ್ಟ!

ಇವಾನ್ ಇಲಿಚ್ ಎಂಬ ಚಿಂತಕ 1968ರಲ್ಲಿ ಮೆಕ್ಸಿಕೋದಲ್ಲಿ, ಹಳ್ಳಿಗಳ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರೇ ನಿಂತು, ನೋಡಲು ಬನ್ನಿ, ಕಲಿಯಲು ಬನ್ನಿ, ಉಪಕಾರ ಮಾಡಲು ಮಾತ್ರ ಬರಬೇಡಿ ಎಂಬರ್ಥದ ಭಾಷಣ ಮಾಡಿದ್ದ. ಅತಿಯಾಯಿತು ಅನ್ನಿಸುತ್ತದೆ ನನಗೆ. ಗಾಜ್ ಮಡಿಸಿದರೆ ಯಾರ ಮಾನವೂ ಹೋಗುವುದಿಲ್ಲ. ಅವನು ಸುಲಭವಾಗಿ ಒಪ್ಪಿಬಿಟ್ಟ 'ಕಲಿಯಲು ಬನ್ನಿ' ಎನ್ನುವುದೇ ನನಗೆ ಹೆಚ್ಚು ತೊಡಕಿನದು. ಯಾರ ಮೈಮೇಲೆ ಕಲಿಯುವುದು?

ಒಂದು ಸಂಜೆ, ವೈದ್ಯಕೀಯ ಎರಡನೆಯ ವರ್ಷ ಓದುತ್ತಿದ್ದ ಹುಡುಗನೊಬ್ಬ ಕಾಲು ಸೀಳಿಕೊಂಡು ಬಂದ ಹೆಂಗಸಿಗೆ ತಾನೇ ಹೊಲಿಗೆ ಹಾಕಿದ. ತಡೆಯುವವರಿರಲಿಲ್ಲ. ಅವನ ಊರಿನಲ್ಲಾದರೆ ಸೂಜಿ ಮುಟ್ಟಲೂ ಬಿಡುತ್ತಿರಲಿಲ್ಲ. ಆಕೆ ಅವನನ್ನು 'ದೊಕೊತಾಲ' ಎನ್ನುತ್ತಿದ್ದಳು, ಚಿಚೇವಾ ಭಾಷೆಯಲ್ಲಿ ಡಾಕ್ಟರು ಎಂದು. ಬಿಳಿ ಕೋಟು, ಬಿಳಿ ಮೈ, ಇನ್ನೇನು ಬೇಕು? ಹುಡುಗನ ವಾದ ತೀರ ತಳ್ಳಿಹಾಕುವಂಥದ್ದೂ ಅಲ್ಲ. ಅಲ್ಲಿ ಹೊಲಿಗೆ ಹಾಕುವವರು ಕ್ಲಿನಿಕಲ್ ಆಫೀಸರು. ಡಾಕ್ಟರ್ ಪದವಿಯಿಲ್ಲದಿದ್ದರೂ ತರಬೇತಿ ಪಡೆದು ಆಪರೇಷನ್ನುಗಳನ್ನೂ ಮಾಡುವವರು. ಅಂದು ಇದ್ದ ಒಬ್ಬರು ಹೆರಿಗೆಯ ಆಪರೇಷನ್ನಿನಲ್ಲಿದ್ದರು. ಎರಡು ಗಂಟೆ ಕಾಯಬೇಕಿತ್ತು. ನೋವಿನಲ್ಲಿ ಕಾಯಿಸುವುದು ದಯೆಯೆ ಎಂದು ಕೇಳಿದ.

ಕಾಯುವುದೇ ಸರಿ ಎಂದು ನನ್ನ ಎಣಿಕೆ. ಗಾಯ ನನ್ನ ಕಾಲಿನದಲ್ಲವಲ್ಲ, ಹೇಳುವುದು ಸುಲಭ. ಆದರೆ ಕಾಯುತ್ತೀಯೋ, ಕಲಿಯುವವನ ಕೈಗೆ ಕಾಲು ಕೊಡುತ್ತೀಯೋ ಎಂದು ಆಕೆಯನ್ನೇ ಕೇಳಬಹುದಿತ್ತು. ಅವನಿಗೆ ಅವಳ ಭಾಷೆ ಬರುತ್ತಿರಲಿಲ್ಲ, ನಿಜ. ಪಕ್ಕದಲ್ಲೇ ಕೂತಿದ್ದ ಅವಳ ತಂಗಿಗೆ ಇಂಗ್ಲಿಷ್ ಬರುತ್ತಿತ್ತು.

"ಹಾಗಾದರೆ ನಾನು ಸುಮ್ಮನೆ ನೋಡುತ್ತ ನಿಲ್ಲಬೇಕಿತ್ತೆ?" ಎಂದ. ಗಾಯದ ಮೇಲೆ ಶುದ್ಧ ಬಟ್ಟೆ ಒತ್ತಿ ಹಿಡಿದು ಕೂರಬಹುದಿತ್ತು ಎಂದೆ. ಅವನಿಗೆ ಹಿಡಿಸಲಿಲ್ಲ. ಕೆಲವು ದಿನಗಳ ಮೇಲೆ, ಗಾಯ ಕೂಡಿಕೊಂಡಿದೆ ಎಂದು ಬಂದು ಹೇಳಿದ. ಹೋಗಿ ನೋಡಿದೆ. ಚೆನ್ನಾಗಿಯೇ ಕೂಡಿಕೊಂಡಿತ್ತು.