ಹೆಸರಿನ ಆಸ್ತಿ, ಹೆಸರಿನ ಋಣ

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ, ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ಆಂಧ್ರದ ಪಾಲಾದವು. ದೌಲತಾಬಾದ್ ಇರುವುದೂ ಆ ಸೀಮೆಯಲ್ಲೇ. ಈಗ ಅದು ತೆಲಂಗಾಣ.

ಜೋಳ, ತೊಗರಿಯ ಈ ನಾಡಿಗೆ 1980ರ ದಶಕದಲ್ಲಿ ಒಂದು ಕಾರ್ಖಾನೆ ಬಂತು. ಹೈದರಾಬಾದಿನ ಆಲ್ವಿನ್ ಕಂಪನಿ ಜಪಾನಿನ ನಿಸಾನ್ ಜೊತೆಗೂಡಿ ಜಹೀರಾಬಾದಿನಲ್ಲಿ ಸಣ್ಣ ಲಾರಿಗಳನ್ನು ತಯಾರಿಸತೊಡಗಿತು. ಮುಂದೆ ಅದು ಮಹೀಂದ್ರದ ಕೈಗೆ ಹೋಯಿತು. ಜಪಾನಿನ ಹೆಸರೆಂದರೆ ಗಟ್ಟಿಮುಟ್ಟು ಎಂದು ಜನ ಕಣ್ಣುಮುಚ್ಚಿ ನಂಬಿದ ಕಾಲವದು.

ಆ ಹೆಸರಿಗೂ ಒಂದು ಪೂರ್ವಾಶ್ರಮವಿತ್ತು. 1931ರಲ್ಲಿ ಜಪಾನಿನ ಸೈನ್ಯ ಚೀನದ ಮಂಚೂರಿಯವನ್ನು ಆಕ್ರಮಿಸಿ, ಮರುವರ್ಷ ಅಲ್ಲೊಂದು ಕೈಗೊಂಬೆ ರಾಜ್ಯವನ್ನು ಕೂರಿಸಿತು. ನಿಸಾನ್ ಸ್ಥಾಪಕ ಅಯುಕಾವ ಯೋಶಿಸುಕೆ 1937ರಲ್ಲಿ ತನ್ನ ಉದ್ಯಮಸಮೂಹದ ಮೂಲ ಕಂಪನಿಯನ್ನು ಅಲ್ಲಿಗೇ ಸಾಗಿಸಿದ. ಗಣಿ, ಉಕ್ಕು, ವಾಹನ ಎಲ್ಲವೂ ಸೈನ್ಯದ ಅಗತ್ಯಕ್ಕೆ ದುಡಿದವು. ನಿಸಾನ್ ಲಾರಿಗಳು ಸೈನಿಕರನ್ನು ಹೊತ್ತವು. ಮಂಚೂರಿಯದ ಗಣಿಗಳಲ್ಲಿ ಚೀನೀ ಕೂಲಿಗಳು ಬಲವಂತಕ್ಕೆ ದುಡಿದು ಸತ್ತರು. ಯುದ್ಧ ಮುಗಿದ ಮೇಲೆ ಅಯುಕಾವನನ್ನು ಯುದ್ಧಾಪರಾಧದ ಶಂಕೆಯ ಮೇಲೆ ಸುಗಾಮೊ ಸೆರೆಮನೆಯಲ್ಲಿಟ್ಟರು, ವಿಚಾರಣೆಯಿಲ್ಲದೆಯೇ ಬಿಟ್ಟರು.

ಹಾಗಾದರೆ ಜಹೀರಾಬಾದಿನಲ್ಲಿ ಆ ಲಾರಿಗೆ ಬೋಲ್ಟು ಬಿಗಿದವನ ಅನ್ನ ಪಾಪದ್ದೇ? ಅಲ್ಲ. ಆ ಗಣಿಗಳು ನಡೆದಾಗ ಆತ ಹುಟ್ಟಿಯೇ ಇರಲಿಲ್ಲ. ಪಾಪ ರಕ್ತದಲ್ಲಿ ಹರಿಯುವುದಿಲ್ಲ, ಕಬ್ಬಿಣದಲ್ಲೂ ಹರಿಯುವುದಿಲ್ಲ.

ಆದರೆ ಕಂಪನಿಯ ಮಾತು ಬೇರೆ. ಮನುಷ್ಯ ಸಾಯುತ್ತಾನೆ, ಹೆಸರು ಸಾಯುವುದಿಲ್ಲ. ಹಳೆಯ ಹೆಸರುಗಳು ತಮ್ಮ ವಯಸ್ಸನ್ನೇ ಮಾರುತ್ತವೆ: ಇಷ್ಟು ವರ್ಷಗಳ ನಂಬಿಕೆ ಎನ್ನುತ್ತವೆ. ಆ ವರ್ಷಗಳ ಲೆಕ್ಕದಲ್ಲಿ ಯುದ್ಧದ ವರ್ಷಗಳೂ ಸೇರಿವೆಯಲ್ಲ! ಅಪ್ಪನ ಹೊಲ ಬೇಕು, ಅಪ್ಪನ ಸಾಲ ಬೇಡ ಎನ್ನುವ ಮಗನನ್ನು ನಮ್ಮ ಹಳ್ಳಿಯ ಪಂಚರು ಒಪ್ಪಿಯಾರೆ? ಕೀರ್ತಿಯನ್ನು ಪಿತ್ರಾರ್ಜಿತವೆಂದು ಉಣ್ಣುವವರು ಋಣವನ್ನೂ ಪಿತ್ರಾರ್ಜಿತವೆಂದೇ ಒಪ್ಪಬೇಕು.

ಒಪ್ಪಿದವರೂ ಇದ್ದಾರೆ. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೊ ಜರ್ಮನಿಯ ಬಾಷ್ ಕಂಪನಿಯ ಕೂಸು. ಹಿಟ್ಲರನ ಕಾಲದಲ್ಲಿ ಬಾಷ್ ಸುಮಾರು 20,000 ಮಂದಿಯನ್ನು ಬಲವಂತದ ದುಡಿಮೆಗೆ ಹಚ್ಚಿತ್ತು. ಅದೇ ವೇಳೆಗೆ ಸ್ಥಾಪಕ ರಾಬರ್ಟ್ ಬಾಷ್ ಹಿಟ್ಲರನ ವಿರೋಧಿಗಳಿಗೆ ನೆರವಾಗಿದ್ದ. ಒಂದು ಪುಣ್ಯ ಇನ್ನೊಂದು ಪಾಪವನ್ನು ಅಳಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳುವುದೇ ಪ್ರಾಮಾಣಿಕತೆ. ಜರ್ಮನಿಯ ಸರ್ಕಾರವೂ ಉದ್ಯಮಗಳೂ ಸೇರಿ 2000ದಲ್ಲಿ 1,000 ಕೋಟಿ ಮಾರ್ಕುಗಳ ನಿಧಿ ಕಟ್ಟಿ, 2007ರ ಹೊತ್ತಿಗೆ 16 ಲಕ್ಷಕ್ಕೂ ಹೆಚ್ಚು ಸಂತ್ರಸ್ತರಿಗೆ ಹಣ ಮುಟ್ಟಿಸಿದವು. ಆ ವೇಳೆಗೆ ಬಹಳ ಮಂದಿ ತೀರಿಹೋಗಿದ್ದರು ಎಂಬುದೂ ನಿಜ.

ಕೊಳ್ಳುವ ನಮ್ಮ ಪಾಲೇನು? ವಸ್ತುವನ್ನು ಬಿಸಾಡುವುದು ಸುಲಭ. ಅದರಿಂದ ಮಂಚೂರಿಯದ ಕೂಲಿಗೆ ಏನೂ ಸಿಗದು. ಜಹೀರಾಬಾದಿಗೆ ಹತ್ತಿರದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ, ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದಳಂತೆ. ಆಕೆ ಅನ್ನವನ್ನು ದ್ವೇಷಿಸಿದವಳಲ್ಲ. ಇದು ಎಲ್ಲಿಯದು, ಯಾರ ಪಾಲಿನದು ಎಂದು ಕೇಳದೆ ಒಲೆ ಹಚ್ಚಲು ಒಲ್ಲದವಳು. ಅಷ್ಟು ಕೇಳುವ ಹಕ್ಕು ಕೊಳ್ಳುವವನಿಗಿದೆ. ಕೇಳುವವರು ಇರುವವರೆಗೆ ಹೆಸರುಗಳು ತಮ್ಮ ಹಳೆಯ ಕಡತಗಳನ್ನು ಮುಚ್ಚಿಡಲಾರವು.