ಹದಿಮೂರು ಭಾನುವಾರಗಳು

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ಈ ಎರಡನ್ನೂ ಒಟ್ಟಿಗೆ ಸಾಧಿಸುವ ಅವಕಾಶ ಇಂದಿನ ಕೆಲವು ಕಾಲೇಜು ವಿದ್ಯಾರ್ಥಿಗಳಿಗೆ ದೊರೆಯುತ್ತಿದೆ. ಪದವಿಯ ಒಂದು ಸೆಮಿಸ್ಟರನ್ನು ಹೊರದೇಶದ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿ ಗಳಿಸಿದ್ದನ್ನು ತನ್ನ ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳುವ ಏರ್ಪಾಡು ಅದು. 1923ರಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯವು ಎಂಟು ವಿದ್ಯಾರ್ಥಿಗಳನ್ನು ಫ್ರಾನ್ಸಿಗೆ ಕಳುಹಿಸಿದಾಗ ಇದೊಂದು ಅಪರೂಪದ ಪ್ರಯೋಗವಾಗಿತ್ತು. 1987ರಲ್ಲಿ ಯುರೋಪಿನ ಹನ್ನೊಂದು ದೇಶಗಳ ನಡುವೆ ಆರಂಭವಾದ ಎರಾಸ್ಮಸ್ ಯೋಜನೆಯಲ್ಲಿ ಮೊದಲ ವರ್ಷ ಪಾಲ್ಗೊಂಡವರು 3,244 ಮಂದಿ ಮಾತ್ರ. ಇಂದು ಇಂತಹ ಪ್ರಯಾಣ ಲಕ್ಷಾಂತರ ಯುವಜನರ ಪಾಲಿಗೆ ಓದಿನ ಒಂದು ಭಾಗವೇ ಆಗಿದೆ. ನಮ್ಮ ನಾಡಿನ ಮಕ್ಕಳೂ ಅವರಲ್ಲಿದ್ದಾರೆ.

ಬೆಲ್ಜಿಯಂ ದೇಶದ ಲೂವೆನ್ ನಗರವನ್ನೇ ತೆಗೆದುಕೊಳ್ಳೋಣ. 1425ರಲ್ಲಿ ಸ್ಥಾಪನೆಗೊಂಡ ಅಲ್ಲಿನ ಕಥೋಲಿಕ ವಿಶ್ವವಿದ್ಯಾಲಯದ ಒಂದು ಸೆಮಿಸ್ಟರಿನಲ್ಲಿ ಪಾಠಗಳು ನಡೆಯುವುದು ಹದಿಮೂರು ವಾರ. ಅಲ್ಲಿಗೆ ಹೋದ ವಿದ್ಯಾರ್ಥಿಯ ಕೈಯಲ್ಲಿ ಹದಿಮೂರು ಶನಿವಾರಗಳೂ ಹದಿಮೂರು ಭಾನುವಾರಗಳೂ ಇರುತ್ತವೆ. ಬ್ರಸೆಲ್ಸ್ ಅರ್ಧ ಗಂಟೆಯ ರೈಲು ಪ್ರಯಾಣ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್ ಒಂದೇ ದಿನದಲ್ಲಿ ಹೋಗಿಬರಬಹುದಾದಷ್ಟು ಹತ್ತಿರ. ರೋಮ್, ವೆನಿಸ್, ಬಾರ್ಸಿಲೋನಾಗಳಿಗೆ ಅಗ್ಗದ ವಿಮಾನಗಳಿವೆ. ಹೀಗಾಗಿ ಪಾಠದ ವೇಳಾಪಟ್ಟಿ ಕೈಸೇರುವ ಮೊದಲೇ ವಾರಾಂತ್ಯಗಳ ಪಟ್ಟಿ ಸಿದ್ಧವಾಗಿರುತ್ತದೆ: ಹದಿಮೂರು ವಾರ, ಹದಿಮೂರು ನಗರ. ಇದರಲ್ಲಿ ನೈತಿಕ ಪ್ರಶ್ನೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು.

ಮೊದಲು ಆ ವಿದ್ಯಾರ್ಥಿಯ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡೋಣ. ಮರಳಿ ಬಾರದ ವಯಸ್ಸು, ಮರಳಿ ದೊರೆಯದ ಸಾಮೀಪ್ಯ. ಅನೇಕರ ವಿಷಯದಲ್ಲಿ ಅಪ್ಪ ಮಾಡಿದ ಸಾಲ, ಅಮ್ಮ ಅಡವಿಟ್ಟ ಒಡವೆ ಆ ಪ್ರಯಾಣದ ಹಿಂದಿರುತ್ತವೆ. ಇಷ್ಟು ಖರ್ಚು ಮಾಡಿ ಬಂದಮೇಲೆ ಆದಷ್ಟನ್ನೂ ನೋಡಿಬಿಡುವುದೇ ಹೆತ್ತವರಿಗೆ ಸಲ್ಲಿಸುವ ನ್ಯಾಯ ಎಂದು ಆತನಿಗೆ ತೋರಿದರೆ ಅದನ್ನು ಚಪಲವೆಂದು ತಳ್ಳಿಹಾಕಲಾಗದು. ಗಡಿ ದಾಟುವ ಸ್ವಾತಂತ್ರ್ಯಕ್ಕೂ ತನ್ನದೇ ಆದ ಮೌಲ್ಯವಿದೆ. ಲೂವೆನ್ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು 1914ರ ಆಗಸ್ಟಿನಲ್ಲಿ ಜರ್ಮನ್ ಸೈನಿಕರು ಸುಟ್ಟರು. ಅಮೆರಿಕದ ಜನರ ನೆರವಿನಿಂದ ಮತ್ತೆ ಎದ್ದುನಿಂತ ಗ್ರಂಥಾಲಯ 1940ರ ಯುದ್ಧದಲ್ಲಿ ಮತ್ತೊಮ್ಮೆ ಬೆಂಕಿಗೆ ಆಹುತಿಯಾಯಿತು. ಅದೇ ನೆಲದಿಂದ ಹೊರಟು ಜರ್ಮನಿಯ ಕಲೋನಿನ ಮಹಾದೇವಾಲಯವನ್ನು ನೋಡಿ ಸಂಜೆಗೆ ಮರಳಬಹುದಾಗಿರುವುದು ಸಣ್ಣ ಸಂಗತಿಯಲ್ಲ. ಷೆಂಗೆನ್ ಒಪ್ಪಂದದ ಮೇರೆಗೆ ಗಡಿ ತಪಾಸಣೆಗಳು ತೆರವಾಗತೊಡಗಿದ್ದು 1995ರಲ್ಲಿ. ಎರಡು ಮಹಾಯುದ್ಧಗಳಲ್ಲಿ ಮಡಿದವರ ಮೊಮ್ಮಕ್ಕಳು ಒಂದೇ ರೈಲಿನಲ್ಲಿ ಕುಳಿತು ಸಾಗುವುದನ್ನು ಶಾಂತಿಯ ಫಲವೆಂದೇ ಕರೆಯಬೇಕು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹದಿಮೂರು ವಾರಾಂತ್ಯಗಳಲ್ಲಿ ಹದಿಮೂರು ನಗರಗಳನ್ನು ಕಂಡವನು ಕಾಣದೆ ಬಿಟ್ಟ ಊರು ಯಾವುದು? ಅದು ತಾನು ವಾಸವಾಗಿದ್ದ ಊರೇ. ಲೂವೆನ್ನಿನ ಸ್ಥಳೀಯ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಶುಕ್ರವಾರ ಸಂಜೆ ಪೆಟ್ಟಿಗೆ ಹಿಡಿದು ತಂತಮ್ಮ ಮನೆಗಳಿಗೆ ಹೊರಡುತ್ತಾರೆ. ಭಾನುವಾರ ರಾತ್ರಿ ಮರಳುತ್ತಾರೆ. ಅವರೇ ಹೋದಮೇಲೆ ಅಲ್ಲಿ ಉಳಿದು ಮಾಡುವುದೇನು ಎಂಬ ಮಾತು ಬರುತ್ತದೆ. ಆದರೆ ಊರೆಂದರೆ ವಿದ್ಯಾರ್ಥಿಗಳಷ್ಟೇ ಅಲ್ಲ. ಅಂಗಡಿ ನಡೆಸುವವರು, ಒಂಟಿಯಾಗಿ ಬಾಳುವ ವೃದ್ಧರು, ಭಾನುವಾರದ ಬಲಿಪೂಜೆಗೆ ಬರುವ ಕೆಲವೇ ಕುಟುಂಬಗಳು, ತನ್ನಂತೆಯೇ ದೂರದೇಶದಿಂದ ಬಂದು ಹೊರಗೆ ಹೋಗಲು ಹಣವಿಲ್ಲದೆ ಕೋಣೆಯಲ್ಲೇ ಉಳಿದ ಇನ್ನೊಬ್ಬ ವಿದ್ಯಾರ್ಥಿ, ಇವರೆಲ್ಲರೂ ಊರೇ. ವಾರದ ಐದು ದಿನ ಇವರು ನಮಗೆ ಕಾಣುವುದಿಲ್ಲ, ತರಗತಿಗಳಿರುತ್ತವೆ. ಉಳಿದೆರಡು ದಿನ ನಾವು ಇವರಿಗೆ ಕಾಣುವುದಿಲ್ಲ, ಪ್ರಯಾಣವಿರುತ್ತದೆ.

ನೋಡಲು ಬಂದವನಿಗೂ ಇರಲು ಬಂದವನಿಗೂ ಇರುವ ಅಂತರವನ್ನು ವೆನಿಸ್ ನಗರ ಕಠಿಣವಾಗಿ ಕಲಿಸುತ್ತಿದೆ. 1951ರಲ್ಲಿ ಅದರ ಹಳೆಯ ಭಾಗದಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮನೆಗಳ ದುಬಾರಿ ಬೆಲೆ, ಉದ್ಯೋಗಗಳ ಕೊರತೆ, ನೆರೆಯ ಕಾಟ, ಮನೆಗಳು ಪ್ರವಾಸಿಗರ ತಂಗುದಾಣಗಳಾದದ್ದು, ಹೀಗೆ ಕಾರಣಗಳು ಹಲವು. ಕೊನೆಗೆ 2024ರ ಏಪ್ರಿಲ್ 25ರಿಂದ, ಆಯ್ದ ದಿನಗಳಲ್ಲಿ, ರಾತ್ರಿ ತಂಗದೆ ಬಂದುಹೋಗುವವರಿಂದ 5 ಯೂರೋ ಪ್ರವೇಶಶುಲ್ಕ ಪಡೆಯುವ ಕ್ರಮ ಅಲ್ಲಿ ಜಾರಿಗೆ ಬಂತು. ಬಂದುಹೋಗುವವರಲ್ಲಿ ಯಾರೊಬ್ಬರೂ ಕೆಟ್ಟವರಲ್ಲ. ಆದರೆ ಕೆಲವೇ ಗಂಟೆಗಳಿಗಾಗಿ ಬಂದವನು ಊರಿಗೆ ಹಣವಲ್ಲದೆ ಬೇರೇನನ್ನು ತಾನೇ ಕೊಡಬಲ್ಲ? ಅವನಿಂದ ಬೇರೇನನ್ನಾದರೂ ಕೇಳಲು ಊರಿಗೂ ಅವಕಾಶವಿಲ್ಲ.

ಒಂದು ಸ್ಥಳಕ್ಕೆ ನಾವು ಸೇರಿದವರೋ ಅಲ್ಲವೋ ಎಂಬುದನ್ನು ಅರಿಯಲು ಸರಳವಾದ ಒಂದು ಒರೆಗಲ್ಲಿದೆ: ನಾವು ಬಾರದಿದ್ದ ದಿನ ಅಲ್ಲಿ ಯಾರಾದರೂ ‘ಏಕೆ ಬರಲಿಲ್ಲ?’ ಎಂದು ಕೇಳುತ್ತಾರೆಯೇ? ಎಷ್ಟು ನಗರಗಳನ್ನು ನೋಡಿದರೂ ಈ ಪ್ರಶ್ನೆಯನ್ನು ನಾವು ಅಲ್ಲಿ ಸಂಪಾದಿಸಲಾರೆವು. ಅದು ದೊರೆಯುವುದು ಮರಳಿ ಮರಳಿ ಹೋದ ಕಡೆಯಲ್ಲಿ ಮಾತ್ರ.

ನಮ್ಮ ಧರ್ಮಸಭೆಯ ಹಿರಿಯರು ಈ ಸಂಗತಿಯನ್ನು ಬಹಳ ಹಿಂದೆಯೇ ಯೋಚಿಸಿದ್ದರು. ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ನಿಯಮಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಸಂನ್ಯಾಸಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಮೂರು ನಾಲ್ಕು ದಿನಗಳಿಗೊಮ್ಮೆ ಮಠದಿಂದ ಮಠಕ್ಕೆ ಅಲೆಯುತ್ತ, ಎಲ್ಲಿಯೂ ನೆಲೆ ನಿಲ್ಲದ ನಾಲ್ಕನೆಯ ಬಗೆಯವರನ್ನು ಅವರು ಕಟುವಾಗಿ ಟೀಕಿಸುತ್ತಾರೆ. ನೆಲೆನಿಲ್ಲುವ ವ್ರತ ಅವರ ಸಂಪ್ರದಾಯದ ಅಡಿಗಲ್ಲು. ಬಾಬಿಲೋನಿಗೆ ಸೆರೆಹೋದ ಜನರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರವೂ ಇದೇ ಬಗೆಯದು: ಆ ಪರದೇಶದಲ್ಲಿ ಮನೆ ಕಟ್ಟಿ, ತೋಟ ಬೆಳೆಸಿ, ಆ ನಗರದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಅವನು ತಿಳಿಸುತ್ತಾನೆ. ತಮ್ಮದಲ್ಲದ ಊರಿನ ಹಿತವನ್ನೂ ತಮ್ಮದಾಗಿಸಿಕೊಳ್ಳಬೇಕೆಂಬ ಕರೆ ಅದು.

ಹಾಗಾದರೆ ಪ್ರಯಾಣವೇ ತಪ್ಪೇ? ಖಂಡಿತ ಅಲ್ಲ. ಪ್ರಭು ಯೇಸು ಊರಿಂದ ಊರಿಗೆ ನಡೆದರು. ಸಂತ ಪೌಲರು ಸಮುದ್ರಗಳನ್ನೇ ದಾಟಿದರು. ಆದರೆ ಕೊರಿಂಥದಲ್ಲಿ ಒಂದೂವರೆ ವರ್ಷ ನೆಲೆನಿಂತರು. ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ಈ ಕಣ್ಣಿನಿಂದ ಓದಿದರೆ ಹೊಸ ಬೆಳಕು ದೊರೆಯುತ್ತದೆ. ಅದರ ಆರಂಭದಲ್ಲಿ ಶಿಷ್ಯರನ್ನು ಪ್ರಯಾಣಕ್ಕೆ ಕಳುಹಿಸುವ ಯೇಸು, ಮನೆಯಿಂದ ಮನೆಗೆ ಹೋಗದೆ ಬರಮಾಡಿಕೊಂಡ ಮನೆಯಲ್ಲೇ ತಂಗುವಂತೆ ಆಜ್ಞಾಪಿಸುತ್ತಾರೆ. ಅದೇ ಅಧ್ಯಾಯದಲ್ಲಿ ಮುಂದೆ ಬರುವುದು ಸಮಾರಿಯದವನ ಸಾಮತಿ. ಆ ಸಮಾರಿಯದವನೂ ಒಬ್ಬ ಪ್ರಯಾಣಿಕನೇ, ಆ ಊರಿನವನಲ್ಲ. ಯಾಜಕನಿಗೂ ಲೇವಿಯನಿಗೂ ಅವನಿಗೂ ದಾರಿ ಒಂದೇ ಆಗಿತ್ತು. ಇವನು ಗಾಯಗೊಂಡವನ ಬಳಿ ನಿಂತ, ತನ್ನ ಸವಾರಿಯನ್ನು ಬಿಟ್ಟುಕೊಟ್ಟ, ಛತ್ರದಲ್ಲಿ ಆ ರಾತ್ರಿ ಆರೈಕೆ ಮಾಡಿದ, ಮರುದಿನ ಮುಂದೆ ಸಾಗುವಾಗ ಮರಳಿ ಬರುವೆನೆಂದು ಮಾತು ಕೊಟ್ಟ. ಅವನ ಪ್ರಯಾಣದಲ್ಲಿ ಇನ್ನೊಬ್ಬರಿಗಾಗಿ ತೆರವಿತ್ತು. ಆದುದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಹೋಗಬೇಕೋ, ಉಳಿಯಬೇಕೋ’ ಎಂಬುದಲ್ಲ. ‘ನನ್ನ ಯೋಜನೆಯಲ್ಲಿ ಯಾರಾದರೂ ನನ್ನನ್ನು ತಡೆದು ನಿಲ್ಲಿಸಬಹುದಾದಷ್ಟು ಜಾಗವಿದೆಯೇ’ ಎಂಬುದು. ಹದಿಮೂರು ಟಿಕೆಟ್ಟುಗಳನ್ನು ಮೊದಲೇ ಕಾಯ್ದಿರಿಸಿದವನು ಒಳ್ಳೆಯವನೇ ಇರಬಹುದು. ಆದರೆ ಶುಕ್ರವಾರ ಸಂಜೆ ಪಕ್ಕದ ಕೋಣೆಯವನಿಗೆ ಜ್ವರ ಬಂದರೆ ಆತನ ಒಳ್ಳೆಯತನಕ್ಕೆ ಸಮಯವಿರುವುದಿಲ್ಲ.

ಲೂವೆನ್ನಿನಲ್ಲೇ, ವಿದ್ಯಾರ್ಥಿಗಳು ದಿನವೂ ನಡೆದಾಡುವ ಬೀದಿಗಳ ಬಳಿಯಲ್ಲೇ, ಸಂತ ಅಂತೋಣಿಯವರ ಪ್ರಾರ್ಥನಾಲಯದ ನೆಲಮಾಳಿಗೆಯಲ್ಲಿ ಒಂದು ಸಮಾಧಿಯಿದೆ. ಅದು ಮೊಲೊಕಾಯಿಯ ಸಂತ ಡೇಮಿಯನ್ನರದು. ಸಮೀಪದ ಟ್ರೆಮೆಲೊ ಗ್ರಾಮದ ರೈತ ಕುಟುಂಬದಲ್ಲಿ ಹುಟ್ಟಿದ ಅವರು 1864ರಲ್ಲಿ ಹವಾಯಿ ದ್ವೀಪಗಳನ್ನು ತಲುಪಿ ಗುರುದೀಕ್ಷೆ ಪಡೆದರು. ಕುಷ್ಠರೋಗಿಗಳನ್ನು ಒಯ್ದು ಬಿಡುತ್ತಿದ್ದ ಮೊಲೊಕಾಯಿ ದ್ವೀಪಕ್ಕೆ ಒಬ್ಬರೇ ಗುರುಗಳನ್ನು ಶಾಶ್ವತವಾಗಿ ಕಳುಹಿಸಲು ಅಲ್ಲಿನ ಧರ್ಮಾಧ್ಯಕ್ಷರಿಗೆ ಮನಸ್ಸಾಗಲಿಲ್ಲ. ನಾಲ್ವರು ಸರದಿಯಂತೆ ಹೋಗಿಬರುವುದೆಂದು ನಿರ್ಧಾರವಾಯಿತು. 1873ರ ಮೇ ತಿಂಗಳಲ್ಲಿ ಮೊದಲ ಸರದಿಗೆ ಹೋದವರು ಡೇಮಿಯನ್. ಅಲ್ಲಿನ ಜನರನ್ನು ಕಂಡಮೇಲೆ ತಮ್ಮನ್ನು ಅಲ್ಲಿಯೇ ಬಿಡುವಂತೆ ಅವರು ಕೇಳಿಕೊಂಡರು. ಸುಮಾರು ಹದಿನಾರು ವರ್ಷ ಅಲ್ಲಿದ್ದು, ಅದೇ ರೋಗವನ್ನು ತಮ್ಮ ಮೈಮೇಲೂ ಹೊತ್ತು, 1889ರಲ್ಲಿ ತೀರಿಕೊಂಡರು. 1936ರಲ್ಲಿ ಅವರ ದೇಹ ಲೂವೆನ್ನಿಗೆ ಮರಳಿತು. 2009ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಅವರನ್ನು ಸಂತರೆಂದು ಘೋಷಿಸಿದರು.

ಸೆಮಿಸ್ಟರ್ ಮುಗಿಸಿ ಮರಳಬೇಕಾದ ವಿದ್ಯಾರ್ಥಿಯಿಂದ ಡೇಮಿಯನ್ನರ ತ್ಯಾಗವನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಸರದಿಯ ಮೇಲೆ ಹೋದವರೊಬ್ಬರು ತಾವು ಕಂಡ ಜನರಿಂದಾಗಿ ಯೋಜನೆಯನ್ನು ಬದಲಿಸಿಕೊಂಡರು ಎಂಬುದು ಎಲ್ಲರಿಗೂ ಅನ್ವಯಿಸುವ ಪಾಠ. ಹದಿಮೂರರಲ್ಲಿ ಐದೋ ಆರೋ ವಾರಾಂತ್ಯಗಳು ರೋಮಿಗೂ ಪ್ಯಾರಿಸಿಗೂ ಸಲ್ಲಲಿ. ಉಳಿದವು ಯಾವ ಹೆಸರೂ ಬರೆಯದೆ ಖಾಲಿ ಇರಲಿ. ಒಂದೇ ದೇವಾಲಯಕ್ಕೆ, ಒಂದೇ ಹೊತ್ತಿನ ಪೂಜೆಗೆ, ಭಾಷೆ ಪೂರ್ತಿ ತಿಳಿಯದಿದ್ದರೂ ಹೋಗುತ್ತಿದ್ದರೆ, ನಾಲ್ಕನೆಯ ವಾರಕ್ಕೆ ಯಾರಾದರೂ ಹೆಸರು ಕೇಳುತ್ತಾರೆ.

ಈ ಹೊಣೆಯನ್ನು ಮಕ್ಕಳ ಹೆಗಲಿಗಷ್ಟೇ ಹೊರಿಸುವುದು ಸರಿಯಲ್ಲ. ಫೋನಿನಲ್ಲಿ ನಾವು ಕೇಳುವ ಪ್ರಶ್ನೆಗಳೂ ಅವರ ಪಟ್ಟಿಯನ್ನು ಬೆಳೆಸುತ್ತವೆ. ‘ಎಲ್ಲೆಲ್ಲಿ ನೋಡಿದೆ?’ ಎನ್ನುವ ನಾವು ‘ಯಾರ ಮನೆಯಲ್ಲಿ ಉಂಡೆ?’ ಎಂದು ಕೇಳುವುದು ಅಪರೂಪ. ಅದಲ್ಲದೆ ಅತಿಥಿಯು ನೆಲೆನಿಲ್ಲಬೇಕಾದರೆ ಬಾಗಿಲು ತೆರೆಯುವ ಕೈಯೊಂದು ಬೇಕು. ಅತಿಥಿಗಳನ್ನು ಕ್ರಿಸ್ತರೆಂದೇ ಬರಮಾಡಿಕೊಳ್ಳಬೇಕೆಂದು ಬೋಧಿಸಿದವರೂ ಅದೇ ಬೆನೆಡಿಕ್ಟರು. ಎಮ್ಮಾವುವಿನ ಹಾದಿಯಲ್ಲಿ ಆ ಅಪರಿಚಿತರು ಮುಂದೆ ಹೊರಟವರಂತೆ ಕಂಡರು. ಇಬ್ಬರು ಒತ್ತಾಯಿಸಿದ್ದರಿಂದಲೇ ಒಳಗೆ ಬಂದರು. ಬೆಂಗಳೂರಿನ, ಮಂಗಳೂರಿನ ಕಾಲೇಜುಗಳಲ್ಲೂ ದೂರದೇಶಗಳ ವಿದ್ಯಾರ್ಥಿಗಳಿದ್ದಾರೆ. ಅವರೂ ಶುಕ್ರವಾರ ಬಂತೆಂದರೆ ಹಂಪಿಗೋ ಗೋವೆಗೋ ಬಸ್ಸು ಹತ್ತುತ್ತಾರೆ. ಪೂಜೆ ಮುಗಿದಮೇಲೆ ದೇವಾಲಯದ ಅಂಗಳದಲ್ಲಿ ಒಂಟಿಯಾಗಿ ನಿಂತ ಅಂಥವರೊಬ್ಬರನ್ನು ‘ಮಧ್ಯಾಹ್ನದ ಊಟಕ್ಕೆ ಮನೆಗೆ ಬನ್ನಿ’ ಎಂದು ನಮ್ಮಲ್ಲಿ ಎಷ್ಟು ಜನ ಕರೆದಿದ್ದೇವೆ?